ಬೇಲಿಯೊಳಗೆ ಬಿಟ್ಟ ನಾಯಿ ಬೆಂಚಿನ ಕೆಳಗೆ ಅಡಗಿದರೆ

ಪ್ರಶ್ನೆ: ನಮ್ಮ ನಾಯಿ ಪುಟ್ಟಿಗೆ ಈಗ ಹದಿನಾಲ್ಕು ತಿಂಗಳು. ಹೆಣ್ಣು ಲ್ಯಾಬ್ರಡಾರ್. ಸಂತಾನಹರಣ ಶಸ್ತ್ರಚಿಕಿತ್ಸೆಯೂ ಲಸಿಕೆಗಳೂ ಆಗಿವೆ. ನಾವಿರುವುದು ನಗರದ ಅಪಾರ್ಟ್‌ಮೆಂಟಿನಲ್ಲಿ. ಹತ್ತಿರದಲ್ಲೇ ನಾಯಿಗಳನ್ನು ಹಗ್ಗ ಬಿಚ್ಚಿ ಬಿಡಲೆಂದು ಬೇಲಿ ಹಾಕಿದ ಪಾರ್ಕ್ ಇದೆ. ಮೊದಮೊದಲು ಅಲ್ಲಿ ಖುಷಿಯಿಂದ ಓಡಾಡುತ್ತಿದ್ದಳು. ಈಚೆಗೆ ಒಂದು ದಿನ ಗೇಟಿನಲ್ಲೇ ನಾಲ್ಕೈದು ನಾಯಿಗಳು ಅವಳನ್ನು ಮುತ್ತಿಕೊಂಡವು. ಭಯವಾಗಿ ಹಗ್ಗ ಬಿಚ್ಚದೆಯೇ ಒಳಗೆ ಕರೆದೊಯ್ದೆ. ಅವಳು ಬಾಲ ಮುದುರಿಕೊಂಡು ಬೆಂಚಿನ ಕೆಳಗೆ ಸೇರಿದಳು. ಒಂದು ನಾಯಿ ಬೆಂಬಿಡದೆ ಬಂದಾಗ ಗುರ್ ಎಂದು ಹಲ್ಲು ತೋರಿಸಿದಳು. ‘ಬಿಡಿ, ನಾಯಿಗಳು ತಾವೇ ಸರಿಮಾಡಿಕೊಳ್ಳುತ್ತವೆ’ ಎಂದರು ಅಲ್ಲಿದ್ದವರು. ಅಂದಿನಿಂದ ರಸ್ತೆಯಲ್ಲಿ ಬೇರೆ ನಾಯಿ ಕಂಡರೆ ಬೊಗಳುತ್ತಾಳೆ. ಪಾರ್ಕಿಗೆ ಹೋಗುತ್ತಲೇ ಇದ್ದರೆ ಅಭ್ಯಾಸವಾಗುತ್ತದೆಯೇ? ನಿಲ್ಲಿಸಿದರೆ ಒಂಟಿಯಾಗುತ್ತಾಳೆಯೇ? ಅಲ್ಲಿ ಜಗಳ ಬಿದ್ದರೆ ಏನು ಮಾಡಬೇಕು?

ಉತ್ತರ: ಸದ್ಯಕ್ಕೆ ಪಾರ್ಕಿಗೆ ಹೋಗುವುದನ್ನು ನಿಲ್ಲಿಸಿ. ಹೆದರಿದ ನಾಯಿಯನ್ನು ಹೆದರಿಸಿದ ಜಾಗಕ್ಕೇ ಮತ್ತೆ ಮತ್ತೆ ಕರೆದೊಯ್ದರೆ ಅಭ್ಯಾಸವಾಗುವುದು ಹೆಚ್ಚಾಗಿ ಹೆದರಿಕೆಯೇ. ತಪ್ಪಿಸಿಕೊಳ್ಳಲು ದಾರಿಯಿಲ್ಲ ಎಂದು ಮನವರಿಕೆಯಾದ ಮೇಲೆ ಕೆಲವು ನಾಯಿಗಳು ಸುಮ್ಮನಾಗಿಬಿಡುತ್ತವೆ. ಹೊಂದಿಕೊಂಡಿತು ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಪುಟ್ಟಿ ಇನ್ನೂ ಆ ಹಂತಕ್ಕೆ ಹೋಗಿಲ್ಲ. ಗುರ್ ಎಂದು ತನ್ನ ಮಾತು ಹೇಳಿದ್ದಾಳೆ. ಅದಕ್ಕಾಗಿ ಅವಳನ್ನು ಗದರಿಸಿಲ್ಲ ಎಂದು ನಂಬುತ್ತೇನೆ. ಗುರುಗುಟ್ಟುವುದು ಕಚ್ಚುವ ಪ್ರಸಂಗ ಬರದಿರಲೆಂದು ನಾಯಿ ಮಾಡುವ ಕೊನೆಯ ಪ್ರಯತ್ನಗಳಲ್ಲಿ ಒಂದು. ಬೈದು ಬೈದು ಅದನ್ನು ಅಡಗಿಸಿದರೆ ಎಚ್ಚರಿಕೆ ಕೊಡದೆ ನೇರವಾಗಿ ಕಚ್ಚುವ ನಾಯಿ ತಯಾರಾಗುತ್ತದೆ.

‘ತಾವೇ ಸರಿಮಾಡಿಕೊಳ್ಳುತ್ತವೆ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಒಂದೇ ಮನೆಯಲ್ಲಿ ವರ್ಷಗಟ್ಟಲೆ ಜೊತೆಗಿರುವ ನಾಯಿಗಳು ಎಷ್ಟೋ ವಿಷಯಗಳನ್ನು ತಾವೇ ಸರಿಮಾಡಿಕೊಳ್ಳುವುದು ನಿಜ. ಅವುಗಳಿಗೆ ಪರಸ್ಪರ ಗುರುತಿದೆ, ಬೇಡವೆನಿಸಿದರೆ ಎದ್ದು ಇನ್ನೊಂದು ಕೋಣೆಗೆ ಹೋಗುವ ಅವಕಾಶವಿದೆ. ಪಾರ್ಕಿನಲ್ಲಿ ಇವೆರಡೂ ಇಲ್ಲ. ಇಂದು ಬಂದ ನಾಯಿ ನಾಳೆ ಬರುವುದಿಲ್ಲ, ಸುತ್ತ ಬೇಲಿ. ಅಂಥ ಕಡೆ ‘ಸರಿಮಾಡಿಕೊಳ್ಳುವುದು’ ಎಂದರೆ ಬಲವಾದದ್ದು ಒತ್ತುವುದು, ಸಣ್ಣದು ನಲುಗುವುದು ಅಥವಾ ಕಚ್ಚುವುದು. ಹಗ್ಗ ಬಿಚ್ಚಿದ ಕ್ಷಣದಿಂದ ಮಾಲೀಕರ ಕೆಲಸ ಹೆಚ್ಚುತ್ತದೆ. ಬೆಂಚಿನ ಮೇಲೆ ಕುಳಿತು ಮೊಬೈಲ್ ನೋಡಲು ಸಿಕ್ಕ ಬಿಡುವು ಎಂದುಕೊಂಡವರಿಂದಲೇ ಪಾರ್ಕುಗಳಿಗೆ ಕೆಟ್ಟ ಹೆಸರು ಬರುತ್ತಿರುವುದು.

ಗೇಟಿನಲ್ಲಿ ಏನಾಯಿತು ಎಂಬುದನ್ನು ಬಿಡಿಸಿ ನೋಡೋಣ, ಏಕೆಂದರೆ ಇಡೀ ಪಾರ್ಕಿನಲ್ಲಿ ಅತ್ಯಂತ ಅಪಾಯದ ಜಾಗ ಅದೇ. ಒಳಗಿರುವ ನಾಯಿಗಳಿಗೆ ಗೇಟಿನ ಸದ್ದೆಂದರೆ ಹೊಸಬರು ಬಂದ ಸುದ್ದಿ. ಒಂದು ಓಡಿತೆಂದರೆ ಉಳಿದವೂ ಓಡುತ್ತವೆ. ಓಡಿ ಬರುವಷ್ಟರಲ್ಲಿ ಅವುಗಳ ಉದ್ರೇಕ ಏರಿರುತ್ತದೆ. ಬರುವ ನಾಯಿಯದೂ ಅದೇ ಸ್ಥಿತಿ, ಮನೆಯಿಂದ ಹಗ್ಗ ಜಗ್ಗಿಕೊಂಡೇ ಬಂದಿರುತ್ತದೆ. ಪರಿಚಯವಿಲ್ಲದ ನಾಯಿಗಳು ಬಯಲಿನಲ್ಲಿ ಎದುರಾದರೆ ನೇರವಾಗಿ ಮುಖಕ್ಕೆ ಮುಖ ಕೊಟ್ಟು ಬರುವುದಿಲ್ಲ. ಸ್ವಲ್ಪ ಬಳಸಿ, ಬದಿಯಿಂದ ಬಂದು, ಹಿಂಭಾಗ ಮೂಸಿ, ಸರಿಯುತ್ತವೆ. ಇಡೀ ಶಾಸ್ತ್ರ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಗೇಟಿನ ಇಕ್ಕಟ್ಟಿನಲ್ಲಿ ಬಳಸಿ ಬರಲು ಜಾಗವಿಲ್ಲ, ಸರಿಯಲು ಅದಕ್ಕಿಂತ ಇಲ್ಲ. ನಾಲ್ಕು ಮೂತಿಗಳು ಏಕಕಾಲಕ್ಕೆ ಹಿಂದೆ ಮುಂದೆ ಮೂಸುತ್ತಿರುವಾಗ ನಡುವಿನ ನಾಯಿ ಮೈ ಕಲ್ಲಾಗಿಸಿಕೊಂಡು ನಿಲ್ಲುತ್ತದೆ. ಹಾಗೆ ನಿಂತದ್ದನ್ನು ಎಷ್ಟೋ ಜನ ‘ಪಾಪ, ಎಷ್ಟು ಸಾಧು’ ಎನ್ನುತ್ತಾರೆ. ಅದು ಸಾಧುತನವಲ್ಲ, ಭಯದಿಂದ ಮೈ ಬಿಗಿಯುವುದು.

ಆದ್ದರಿಂದ ಗೇಟಿನ ಬಳಿ ಗುಂಪು ಸೇರಿದ್ದರೆ ಒಳಗೆ ಹೋಗಬೇಡಿ. ಹಿಂದೆ ಸರಿದು ಒಂದು ಸುತ್ತು ಹಾಕಿ ಬನ್ನಿ. ಗುಂಪು ಚದುರದಿದ್ದರೆ ಒಳಗಿರುವವರಿಗೆ ‘ನಿಮ್ಮ ನಾಯಿಗಳನ್ನು ಸ್ವಲ್ಪ ಆಚೆ ಕರೆಯುತ್ತೀರಾ, ನಾವು ಒಳಗೆ ಬರಬೇಕು’ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಕರೆದರೂ ಬಾರದ ನಾಯಿಗಳೇ ತುಂಬಿದ್ದರೆ, ಅಂದು ಅಲ್ಲಿ ಆಡಬೇಕಾಗಿಲ್ಲ ಎಂದು ತಿಳಿಯಲು ಅಷ್ಟೇ ಸಾಕು.

ಇನ್ನು ಹಗ್ಗದ ವಿಷಯ. ಭಯವಾದಾಗ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು ಎನಿಸುವುದು ಸಹಜ, ಎಲ್ಲರಿಗೂ ಹಾಗೆಯೇ ಅನಿಸುತ್ತದೆ. ಆದರೆ ಹಗ್ಗ ಬಿಚ್ಚಿದ ನಾಯಿಗಳ ನಡುವೆ ಹಗ್ಗ ಕಟ್ಟಿದ ಒಂದೇ ನಾಯಿ ಇದ್ದರೆ ಅದಕ್ಕೆ ದೂರ ಸರಿಯುವ ಸ್ವಾತಂತ್ರ್ಯ ಇರುವುದಿಲ್ಲ. ಓಡಲಾಗದ ನಾಯಿಗೆ ಉಳಿಯುವುದು ಎದುರು ನಿಲ್ಲುವ ದಾರಿ. ಬಿಗಿದ ಹಗ್ಗ ಕೊರಳನ್ನು ಎತ್ತಿ ಹಿಡಿಯುವುದರಿಂದ ನಾಯಿಯ ಭಂಗಿಯೂ ಬದಲಾಗುತ್ತದೆ. ಎದೆ ಮುಂದೆ, ತಲೆ ಮೇಲೆ. ಎದುರಿನ ನಾಯಿಗೆ ಅದು ಸವಾಲಿನಂತೆ ಕಾಣುತ್ತದೆ. ಸಾರ್ವಜನಿಕ ಸ್ಥಳಗಳಲ್ಲಿ ನಾಯಿಗಳು ಎದುರಾಗುವುದನ್ನು ಗಮನಿಸಿ ಜೆಕ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಹಗ್ಗ ಕಟ್ಟಿದ್ದಾಗ ಬೆದರಿಸುವ ವರ್ತನೆ ಹೆಚ್ಚು ಕಂಡುಬಂದಿತ್ತು. ಉತ್ತಮ ಪಾರ್ಕುಗಳಲ್ಲಿ ಎರಡು ಗೇಟುಗಳಿದ್ದು ನಡುವೆ ಸಣ್ಣ ಅಂಗಳ ಇರುವುದು ಇದಕ್ಕೇ. ಹೊರಗಿನ ಗೇಟು ಮುಚ್ಚಿ, ಅಂಗಳದಲ್ಲಿ ನಿಂತು, ಒಳಗಿನ ಗೇಟು ತೆರೆಯುವ ಮೊದಲೇ ಹಗ್ಗ ಬಿಚ್ಚಬೇಕು. ಬಿಚ್ಚಲು ಧೈರ್ಯ ಸಾಲದು ಎನಿಸಿದರೆ ಒಳಗೆ ಹೋಗದಿರುವುದೇ ಸರಿ.

ಆಟ ಯಾವುದು, ಕಾಟ ಯಾವುದು ಎಂದು ಗುರುತಿಸುವುದನ್ನು ಕಲಿಯಿರಿ. ಇದನ್ನು ಕಲಿತವರು ಪಾರ್ಕಿನ ಮುಕ್ಕಾಲು ಪಾಲು ತೊಂದರೆಗಳನ್ನು ಶುರುವಾಗುವ ಮುನ್ನವೇ ತಡೆಯಬಲ್ಲರು. ಮುಂಗಾಲು ಚಾಚಿ, ಮೊಣಕೈ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ಬಾಗುವ ಭಂಗಿಯನ್ನು ನೀವು ನೋಡಿಯೇ ಇರುತ್ತೀರಿ. ಪ್ರಾಣಿವರ್ತನೆಯ ವಿಜ್ಞಾನಿ ಮಾರ್ಕ್ ಬೆಕಾಫ್ ನಾಯಿ, ತೋಳ ಮತ್ತು ಉತ್ತರ ಅಮೆರಿಕದ ಕಾಡುನಾಯಿಯಂಥ ಕಯೋಟಿಗಳ ಆಟದಲ್ಲಿ ಈ ಭಂಗಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1995ರಲ್ಲಿ ಒಂದು ಸೊಗಸಾದ ಸಂಗತಿಯನ್ನು ಪ್ರಕಟಿಸಿದರು. ಕಚ್ಚಿ ತಲೆ ಅಲ್ಲಾಡಿಸುವಂಥ, ತಪ್ಪು ತಿಳಿಯಬಹುದಾದ ಚೇಷ್ಟೆಯ ಹಿಂದುಮುಂದೆಯೇ ಈ ಬಾಗುವಿಕೆ ಹೆಚ್ಚಾಗಿ ಬರುತ್ತದೆ. ‘ಈಗ ಮಾಡಿದ್ದು ಆಟಕ್ಕೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎಂದು ಹೇಳಿದ ಹಾಗೆ. ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೂ ಸೂಕ್ಷ್ಮವಾದುದು ಕಾಣುತ್ತದೆ: ಜೊತೆಗಾರ ತನ್ನತ್ತ ಮುಖ ಮಾಡಿದ್ದರೆ ಮಾತ್ರ ನಾಯಿ ಹೀಗೆ ಬಾಗಿ ತೋರಿಸುತ್ತದೆ, ಬೆನ್ನು ತಿರುಗಿಸಿದ್ದರೆ ಮೊದಲು ತಟ್ಟಿಯೋ ಮೆಲ್ಲಗೆ ಕಚ್ಚಿಯೋ ಗಮನ ಸೆಳೆದುಕೊಳ್ಳುತ್ತದೆ. ಆಡುವ ನಾಯಿ ಎದುರಿನದರ ಮನಸ್ಸನ್ನು ಸದಾ ಗಮನಿಸುತ್ತಿರುತ್ತದೆ. ಗಮನಿಸುವುದು ನಿಂತಿತೆಂದರೆ ಆಟ ಮುಗಿದಂತೆ.

ಒಳ್ಳೆಯ ಆಟದಲ್ಲಿ ಮೈ ಸಡಿಲವಾಗಿರುತ್ತದೆ, ಬಾಯಿ ತೆರೆದಿರುತ್ತದೆ, ಓಟ ನೇರವಾಗಿರದೆ ಕುಣಿಯುತ್ತ ವಂಕಿವಂಕಿಯಾಗಿರುತ್ತದೆ. ದೊಡ್ಡ ನಾಯಿ ತಾನಾಗಿಯೇ ಕೆಳಗೆ ಬಿದ್ದು ಚಿಕ್ಕದಕ್ಕೆ ಮೇಲೆ ಏರಲು ಬಿಡುತ್ತದೆ. ಅಟ್ಟಿಸಿಕೊಂಡು ಹೋದದ್ದು ಸ್ವಲ್ಪ ಹೊತ್ತಿಗೆ ಅಟ್ಟಿಸಿಕೊಳ್ಳಲು ತಿರುಗುತ್ತದೆ. ಪ್ರತಿ ಸಲವೂ ಸಮಪಾಲು ಆಗಬೇಕೆಂದಿಲ್ಲ, ಕೆಲವು ನಾಯಿಗಳಿಗೆ ಓಡಿಸಿಕೊಳ್ಳುವುದೇ ಇಷ್ಟ. ಎಲ್ಲಕ್ಕಿಂತ ಮುಖ್ಯವಾಗಿ ನಡುನಡುವೆ ವಿರಾಮ ಇರುತ್ತದೆ. ಎರಡೂ ನಿಂತು, ಮೈ ಕೊಡವಿ, ನೆಲ ಮೂಸಿ, ಮತ್ತೆ ಶುರುಮಾಡುತ್ತವೆ. ವಿರಾಮವಿಲ್ಲದೆ ಏರುತ್ತಲೇ ಹೋಗುವ ಆಟ ಆಟವಾಗಿ ಮುಗಿಯುವುದು ಅಪರೂಪ.

ಸಂದೇಹ ಬಂದಾಗ ಮಾಡಬಹುದಾದ ಒಂದು ಪರೀಕ್ಷೆಯಿದೆ, ನಾನು ಎಲ್ಲರಿಗೂ ಹೇಳಿಕೊಡುವುದು ಇದನ್ನೇ. ಅಟ್ಟುತ್ತಿರುವ ಅಥವಾ ಮೇಲೇರಿರುವ ನಾಯಿಯನ್ನು ಅದರ ಮಾಲೀಕರು ಮೆಲ್ಲಗೆ ಹಿಡಿದು ನಿಲ್ಲಿಸಲಿ. ಈಗ ಇನ್ನೊಂದನ್ನು ನೋಡಿ. ಅದು ಎದ್ದು ಮೈ ಕೊಡವಿಕೊಂಡು, ಹಿಡಿದಿಟ್ಟ ನಾಯಿಯ ಹತ್ತಿರಕ್ಕೇ ಬಂದು ಮೂತಿಯಿಂದ ತಿವಿದು ‘ಬಾ’ ಎಂದರೆ ಆಟಕ್ಕೆ ಒಪ್ಪಿಗೆ ಇದೆ, ಬಿಡಿ. ಎದ್ದದ್ದೇ ದೂರ ಹೋದರೆ, ನಿಮ್ಮ ಕಾಲುಗಳ ಹಿಂದೆ ಸೇರಿದರೆ, ಅಥವಾ ನಿಂತಲ್ಲೇ ತುಟಿ ನೆಕ್ಕಿಕೊಂಡು ಮುಖ ತಿರುಗಿಸಿದರೆ ಒಪ್ಪಿಗೆ ಇರಲಿಲ್ಲ ಎಂದೇ ಅರ್ಥ. ಬೇರೆ ಯಾರ ವಿವರಣೆಯೂ ಬೇಕಾಗಿಲ್ಲ. ಬೆಂಚಿನ ಕೆಳಗೆ ಸೇರಿದ ಪುಟ್ಟಿಯಂತೂ ಯಾವ ಪರೀಕ್ಷೆಯೂ ಬೇಡದಷ್ಟು ಸ್ಪಷ್ಟವಾಗಿ ಹೇಳಿದ್ದಳು.

ಅಪಾಯದ ಸೂಚನೆಗಳು ಸದ್ದಿಲ್ಲದವು. ಬೊಗಳಾಟ, ಗುರುಗುಟ್ಟಾಟ ಆಟದಲ್ಲೂ ಇರುತ್ತದೆ. ಭಯಪಡಬೇಕಾದದ್ದು ಮೌನಕ್ಕೆ. ತೆರೆದಿದ್ದ ಬಾಯಿ ತಟ್ಟನೆ ಮುಚ್ಚುವುದು, ಮೈ ಬಿಗಿಯಾಗುವುದು, ಬಿಟ್ಟ ಕಣ್ಣು ಬಿಟ್ಟಂತೆ ನೋಡುವುದು, ಕಣ್ಣಂಚಿನಲ್ಲಿ ಬಿಳಿ ಕಾಣುವುದು, ಇನ್ನೊಂದರ ಹೆಗಲ ಮೇಲೆ ಗದ್ದ ಇಟ್ಟು ಅಲುಗದೆ ನಿಲ್ಲುವುದು, ತಲೆ ತಗ್ಗಿಸಿ ಹೊಂಚುಹಾಕುವುದು. ಬೆನ್ನಿನ ಕೂದಲು ನಿಮಿರಿದೆ ಎಂದಮಾತ್ರಕ್ಕೆ ಜಗಳವೇ ಎಂದು ಹೇಳಲಾಗದು, ಉದ್ರೇಕ ಯಾವುದಿದ್ದರೂ ಅದು ಹಾಗಾಗುತ್ತದೆ. ಹಾಗೆಯೇ ಬಾಲ ಆಡುತ್ತಿದೆ ಎಂದು ನಿಶ್ಚಿಂತರಾಗಬೇಡಿ. ಎತ್ತರಕ್ಕೆ ಹಿಡಿದ ಬಾಲ ಬಿಗಿಯಾಗಿ, ಸಣ್ಣಗೆ ಕಂಪಿಸುತ್ತಿದ್ದರೆ ಅದು ಸ್ನೇಹದ ಬಾಲವಲ್ಲ. ಹಲವು ನಾಯಿಗಳು ಸೇರಿ ಒಂದನ್ನೇ ಅಟ್ಟತೊಡಗಿದರೆ ಒಂದು ಕ್ಷಣವೂ ಕಾಯಬೇಡಿ. ಅದರಲ್ಲೂ ಓಡುತ್ತಿರುವುದು ತೀರ ಚಿಕ್ಕ ಗಾತ್ರದ ನಾಯಿಯಾಗಿದ್ದು ಕಿರುಚಿಕೊಂಡರೆ, ಅಟ್ಟುವ ದೊಡ್ಡ ನಾಯಿಯಲ್ಲಿ ಬೇಟೆಯ ಸ್ವಭಾವ ಥಟ್ಟನೆ ಎಚ್ಚರಗೊಳ್ಳಬಹುದು. ಆಗ ಅದಕ್ಕೆ ಮುಂದಿರುವುದು ಆಟದ ಜೊತೆಗಾರನಲ್ಲ. ದೊಡ್ಡ ಮತ್ತು ಸಣ್ಣ ನಾಯಿಗಳಿಗೆ ಪ್ರತ್ಯೇಕ ಆವರಣ ಇರಲೇಬೇಕು ಎನ್ನುವುದು ಇದಕ್ಕಾಗಿ. ‘ನನ್ನದು ದೊಡ್ಡದಾದರೂ ತುಂಬ ಒಳ್ಳೆಯದು’ ಎಂದು ಸಣ್ಣವುಗಳ ಆವರಣಕ್ಕೆ ಬಿಡುವವರನ್ನು ದಯವಿಟ್ಟು ತಡೆಯಿರಿ.

ಎಲ್ಲ ನಾಯಿಗಳಿಗೂ ಪಾರ್ಕ್ ಬೇಕೇ ಎಂಬುದು ನಿಮ್ಮ ಪ್ರಶ್ನೆಯೊಳಗಿರುವ ದೊಡ್ಡ ಪ್ರಶ್ನೆ. ಬೇಕಿಲ್ಲ. ಮರಿಗಳು ಕಂಡ ಕಂಡ ನಾಯಿಗಳೊಡನೆ ಆಡುತ್ತವೆ. ಒಂದರಿಂದ ಮೂರು ವರ್ಷದ ನಡುವೆ ನಾಯಿ ಮಾನಸಿಕವಾಗಿ ಬೆಳೆದು ದೊಡ್ಡದಾಗುತ್ತದೆ. ಆಗ ಬಹಳಷ್ಟು ನಾಯಿಗಳಿಗೆ ಅಪರಿಚಿತರೊಂದಿಗೆ ಆಡುವ ಹುಮ್ಮಸ್ಸು ಕಡಿಮೆಯಾಗುತ್ತದೆ. ಪುಟ್ಟಿ ಈಗ ಆ ಹೊಸ್ತಿಲಲ್ಲಿದ್ದಾಳೆ. ಅಂದರೆ ಅಂದಿನ ಘಟನೆ ಇಲ್ಲದಿದ್ದರೂ ಅವಳ ಅಭಿರುಚಿ ಬದಲಾಗುವ ಕಾಲವೇ ಇದು. ಬೆಳೆದ ನಾಯಿಗೆ ಪರಿಚಯದ ಒಂದೆರಡು ಗೆಳೆಯರು ಸಾಕು. ನಿಮ್ಮ ಸಹವಾಸ, ಓಡಾಟ, ಮೂಸಲು ಸಿಗುವ ಹೊಸ ವಾಸನೆಗಳು ಇದ್ದರೆ ಪಾರ್ಕ್ ಇಲ್ಲದೆಯೂ ಅವಳು ಒಂಟಿಯಾಗುವುದಿಲ್ಲ. ಈ ವಿಷಯದಲ್ಲಿ ಮನಸ್ಸಿಗೆ ಚುಚ್ಚಿಸಿಕೊಳ್ಳುತ್ತಿರುವ ಮಾಲೀಕರು ಬಹಳ ಮಂದಿ. ಆ ಭಾರವನ್ನು ಇಳಿಸಿಬಿಡಿ.

ಗೊಂದಲಕ್ಕೆ ಕಾರಣ ‘ನಾಯಿಗೆ ಸಮಾಜದ ಒಡನಾಟ ಬೇಕು’ ಎಂಬ ಸಲಹೆಯನ್ನು ಅರ್ಧ ಕೇಳಿಸಿಕೊಂಡದ್ದು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಸಂಶೋಧಕರು ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ನಾಯಿಗಳ ಮೇಲೆ ದೀರ್ಘಕಾಲ ಕೆಲಸ ಮಾಡಿ 1965ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ ಆ ಸಲಹೆಯ ಬೇರು ಇದೆ. ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುವ ಕಾಲ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ. ಆ ಅವಧಿಯಲ್ಲಿ ಬೇರೆ ಬೇರೆ ಜನ, ಸದ್ದು, ನೆಲ, ಸೌಮ್ಯ ಸ್ವಭಾವದ ನಾಯಿಗಳ ಹಿತವಾದ ಅನುಭವ ಸಿಗಬೇಕು. ಆದರೆ ವಿಚಿತ್ರ ನೋಡಿ, ಅದೇ ವಯಸ್ಸಿನಲ್ಲಿ ಮರಿಯನ್ನು ನಾಯಿ ಪಾರ್ಕಿಗೆ ಬಿಡಲೇಬಾರದು. ಲಸಿಕೆಯ ಕೊನೆಯ ಪ್ರಮುಖ ಡೋಸು ಹದಿನಾರು ವಾರ ಅಥವಾ ಅನಂತರ ಬೀಳಬೇಕು. ಅಲ್ಲಿಯವರೆಗೆ ರಕ್ಷಣೆ ಪೂರ್ತಿಯಲ್ಲ. ಮರಿಗಳಿಗೆ ಮಾರಕ ವಾಂತಿಭೇದಿ ತರುವ, 1978ರಲ್ಲಿ ಜಗತ್ತಿನಾದ್ಯಂತ ಹಬ್ಬಿದ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಹಾಗಾಗಿ ಚಿಕ್ಕ ಮರಿಗಳಿಗೆ ಸ್ವಚ್ಛವಾದ ಮರಿಗಳ ತರಗತಿ, ಲಸಿಕೆಯಾದ ಗೆಳೆಯರ ನಾಯಿಗಳ ಮನೆ ಸರಿ. ಪಾರ್ಕ್ ಬೇಡ.

ಮರಿಗಳಲ್ಲದೆ ಬೆದೆಗೆ ಬಂದ ಹೆಣ್ಣು ನಾಯಿ, ಕೆಮ್ಮು ಅಥವಾ ಭೇದಿ ಇರುವ ನಾಯಿ, ಸೊಂಟದ ನೋವಿರುವ ಮುದಿ ನಾಯಿ, ಹಿಂದೆ ಗಂಭೀರವಾಗಿ ಕಚ್ಚಿದ ನಾಯಿ ಇವೂ ಮನೆಯಲ್ಲೇ ಇರಲಿ. ನೋವಿರುವ ನಾಯಿ ಸಿಡುಕುವುದು ಸ್ವಭಾವದ ದೋಷವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಪುಟ್ಟಿಯ ವರ್ತನೆ ಬದಲಾದ ಹೊತ್ತಿನಲ್ಲಿ ಒಮ್ಮೆ ಕಿವಿ, ಕೀಲು, ಹಲ್ಲು ತೋರಿಸಿಕೊಂಡು ಬಂದರೆ ಒಳ್ಳೆಯದು. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಮತ್ತು ಮೊಣಕೈಯ ಕೀಲಿನ ದೋಷ ಈ ವಯಸ್ಸಿಗೇ ತಲೆ ಹಾಕಬಹುದು.

ಹೀಗೆಲ್ಲ ಹೇಳಿದೆನೆಂದು ನಾನು ಪಾರ್ಕುಗಳ ವಿರೋಧಿ ಎಂದುಕೊಳ್ಳಬೇಡಿ. ನಗರದಲ್ಲಿ ನಾಯಿಗೆ ನಾಲ್ಕು ಹೆಜ್ಜೆ ಮನಸೋ ಇಚ್ಛೆ ಓಡಲು ಜಾಗವೇ ಇಲ್ಲ ಎಂಬ ಕೊರಗಿನಿಂದಲೇ ಅವು ಹುಟ್ಟಿದ್ದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1979ರಲ್ಲಿ ಶುರುವಾದ ಓಲೋನಿ ಪಾರ್ಕನ್ನು ಅಮೆರಿಕದಲ್ಲಿ ಈ ಬಗೆಯ ಮೊದಲನೆಯದೆಂದು ಸಾಮಾನ್ಯವಾಗಿ ಹೆಸರಿಸುತ್ತಾರೆ. ಅಲ್ಲಿಂದ ಮುಂದೆ ಈ ಆಲೋಚನೆ ನಗರದಿಂದ ನಗರಕ್ಕೆ ಹರಡಿತು. ಹೇಗಿರಬೇಕು ಎಂಬುದರ ಬಗ್ಗೆ ಈಗ ಸಾಕಷ್ಟು ಒಮ್ಮತವಿದೆ. ನಾಯಿ ತಳಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ಬಿನ ಸಲಹೆ ಒಂದು ಎಕರೆ ಅಥವಾ ಹೆಚ್ಚಿನ ಜಾಗ, ನಾಲ್ಕರಿಂದ ಆರು ಅಡಿ ಎತ್ತರದ ಬೇಲಿ, ಜೋಡಿ ಗೇಟು, ನೆರಳು, ನೀರು, ಕಸದ ಬುಟ್ಟಿ, ಸಣ್ಣ ನಾಯಿಗಳಿಗೆ ಪ್ರತ್ಯೇಕ ಭಾಗ. ಇದಕ್ಕೆ ನನ್ನದೊಂದು ಸೇರಿಸುತ್ತೇನೆ: ಕಣ್ಣಿಗೆ ಕಣ್ಣು ಕೂಡದಂತೆ ನಡುವೆ ಪೊದೆ, ದಿಬ್ಬ, ಮರದ ದಿಮ್ಮಿ ಇರಬೇಕು. ಬಟ್ಟಬಯಲಾದ ಚೌಕದಲ್ಲಿ ಎಲ್ಲ ನಾಯಿಗಳೂ ಒಟ್ಟಿಗೆ ನುಗ್ಗುತ್ತವೆ. ಮರೆಗಳಿದ್ದರೆ ಚದುರಿ ಮೂಸುತ್ತ ಅಡ್ಡಾಡುತ್ತವೆ, ಮೂಲೆಗೆ ಸಿಕ್ಕಿಬೀಳುವ ನಾಯಿ ಕಡಿಮೆ.

ಪುಟ್ಟಿಯನ್ನು ಮನೆಯಲ್ಲಿ ಬಿಟ್ಟು ನೀವೊಬ್ಬರೇ ಆ ಪಾರ್ಕಿಗೆ ಹೋಗಿ ಬೇಲಿಯ ಹೊರಗೆ ಅರ್ಧ ಗಂಟೆ ನಿಂತು ನೋಡಿ. ನಾಯಿಗಳಿಗಿಂತ ಜನರನ್ನು ಹೆಚ್ಚು ನೋಡಿ. ತಮ್ಮ ನಾಯಿ ಎಲ್ಲಿದೆ ಎಂದು ಅವರಿಗೆ ಗೊತ್ತಿದೆಯೇ? ಒರಟಾಟ ಶುರುವಾದಾಗ ಎದ್ದು ಹೋಗಿ ಕರೆಯುತ್ತಾರೆಯೇ? ಮಲ ಎತ್ತುತ್ತಾರೆಯೇ? ಬೆಳಗ್ಗೆ ಬರುವವರು ಸಂಜೆ ಬರುವವರಿಗಿಂತ ತೀರ ಬೇರೆಯಾಗಿರಬಹುದು. ಬಿಡುವಿನ ಹೊತ್ತು ಯಾವುದು ಎಂಬುದೂ ಇದರಿಂದ ತಿಳಿಯುತ್ತದೆ. ಖಾಲಿ ಪಾರ್ಕಿನಲ್ಲಿ ನೀವಿಬ್ಬರೇ ಅರ್ಧ ಗಂಟೆ ಕಳೆಯುವುದು ಪುಟ್ಟಿಗೆ ದೊಡ್ಡ ಸುಖ.

ಈಗ ರಸ್ತೆಯಲ್ಲಿ ಬೊಗಳುವ ವಿಷಯ. ಅವಳು ಜಗಳಗಂಟಿಯಾಗಿಲ್ಲ. ನಾಯಿ ಹತ್ತಿರ ಬಂದರೆ ಮುತ್ತಿಗೆಯಾಗುತ್ತದೆ ಎಂದು ಕಲಿತಿದ್ದಾಳೆ, ಬೊಗಳಿದರೆ ಅದು ದೂರ ಹೋಗುತ್ತದೆ ಎಂದೂ ಕಲಿತಿದ್ದಾಳೆ. ಆಚೆ ಬರುತ್ತಿದ್ದ ನಾಯಿ ಹೇಗೂ ತನ್ನ ದಾರಿ ಹಿಡಿದು ಹೋಗುತ್ತದಲ್ಲ, ಪುಟ್ಟಿಯ ಲೆಕ್ಕದಲ್ಲಿ ಅದು ತನ್ನ ಗೆಲುವು. ಇದನ್ನು ಬದಲಿಸಲು ಬೇಕಾದದ್ದು ದೂರ ಮತ್ತು ತಿನಿಸು. ಇನ್ನೊಂದು ನಾಯಿಯನ್ನು ಅವಳು ನೋಡುತ್ತಾಳೆ, ಆದರೆ ಇನ್ನೂ ಬೊಗಳುವುದಿಲ್ಲ, ನೀವು ಹೆಸರು ಹಿಡಿದು ಕರೆದರೆ ಕಿವಿ ನಿಮ್ಮತ್ತ ತಿರುಗುತ್ತದೆ ಎನ್ನುವಷ್ಟು ದೂರವನ್ನು ಮೊದಲು ಕಂಡುಕೊಳ್ಳಿ. ಅದು ಮೂವತ್ತು ಮೀಟರ್ ಇರಬಹುದು, ಐವತ್ತೂ ಇರಬಹುದು. ಅವಳು ಆ ನಾಯಿಯನ್ನು ಕಂಡ ತಕ್ಷಣ ಅವಳಿಗೆ ಪ್ರಾಣವಾದ ತಿನಿಸಿನ ಚಿಕ್ಕ ಚೂರುಗಳನ್ನು ಒಂದಾದ ಮೇಲೊಂದು ಕೊಡಿ. ನಾಯಿ ಮರೆಯಾದ ಕೂಡಲೇ ತಿನಿಸು ನಿಲ್ಲಲಿ. ಕ್ರಮ ಮುಖ್ಯ: ಮೊದಲು ನಾಯಿ ಕಾಣಬೇಕು, ಆಮೇಲೆ ತಿನಿಸು. ತಿರುವುಮುರುವಾದರೆ ತಿನಿಸಿನ ಚೀಲ ತೆಗೆದಾಗಲೇ ನಾಯಿ ಬರುತ್ತದೆ ಎಂಬ ಅಳುಕು ಹುಟ್ಟುತ್ತದೆ.

ಕೆಲವು ದಿನಗಳಲ್ಲಿ ಅವಳು ದೂರದ ನಾಯಿಯನ್ನು ಕಂಡೊಡನೆ ಬೊಗಳುವ ಬದಲು ನಿಮ್ಮ ಮುಖ ನೋಡತೊಡಗುತ್ತಾಳೆ. ಅದೇ ನೀವು ಕಾಯುತ್ತಿರುವ ಗಳಿಗೆ. ಆಮೇಲೆ ಎರಡು ಮೂರು ಹೆಜ್ಜೆಯಷ್ಟು ದೂರ ಕಡಿಮೆ ಮಾಡಿ, ಅದಕ್ಕಿಂತ ಹೆಚ್ಚು ಬೇಡ. ಬೊಗಳಿದಳೆಂದರೆ ನೀವು ಅವಸರ ಮಾಡಿದಿರಿ ಎಂದರ್ಥ. ಬೈಯದೆ, ಹಗ್ಗ ಜಗ್ಗದೆ, ಸುಮ್ಮನೆ ತಿರುಗಿ ದೂರ ಹೋಗಿ. ಮುಳ್ಳಿನ ಪಟ್ಟಿ, ವಿದ್ಯುತ್ ಪಟ್ಟಿ ಹಾಕಿ ಎನ್ನುವವರು ಖಂಡಿತ ಸಿಗುತ್ತಾರೆ. ಕೇಳಬೇಡಿ. ಬೇರೆ ನಾಯಿ ಕಂಡಾಗಲೆಲ್ಲ ಕೊರಳು ನೋಯುತ್ತದೆ ಎಂದು ಗೊತ್ತಾದ ನಾಯಿ ಬೇರೆ ನಾಯಿಗಳನ್ನು ಇನ್ನಷ್ಟು ದ್ವೇಷಿಸುತ್ತದೆ.

ಇದರ ಜೊತೆಗೆ ಶಾಂತ ಸ್ವಭಾವದ ಒಂದು ಪರಿಚಿತ ನಾಯಿಯನ್ನು ಹುಡುಕಿ. ಎರಡೂ ಹಗ್ಗದಲ್ಲಿರಲಿ, ರಸ್ತೆಯ ಆ ಬದಿ ಈ ಬದಿ ಒಂದೇ ದಿಕ್ಕಿಗೆ ನಡೆಯಿರಿ. ಎದುರುಬದುರು ನಿಲ್ಲಿಸಿ ಪರಿಚಯ ಮಾಡಿಸುವುದು ಬೇಡ. ಎರಡೂ ನಾಯಿಗಳು ಪರಸ್ಪರ ಗಮನ ಬಿಟ್ಟು ನೆಲ ಮೂಸತೊಡಗಿದಾಗ ನಡುವಿನ ಅಂತರ ಕಡಿಮೆ ಮಾಡುತ್ತ ಬನ್ನಿ. ಹೀಗೆ ಹಲವು ಸಲ ನಡೆದ ಮೇಲೆ ಬೇಲಿಯಿರುವ ಖಾಲಿ ಜಾಗದಲ್ಲಿ ಇಬ್ಬರನ್ನೇ ಬಿಡಿ. ಪುಟ್ಟಿ ಮತ್ತೆ ಕುಣಿಯುವುದನ್ನು ನೀವು ನೋಡುವುದು ಅಲ್ಲಿಯೇ, ಹನ್ನೆರಡು ನಾಯಿಗಳ ಗದ್ದಲದಲ್ಲಿ ಅಲ್ಲ.

ಓಡಾಟದ ಚಿಂತೆಗೆ ಹತ್ತು ಹದಿನೈದು ಮೀಟರಿನ ಉದ್ದ ಹಗ್ಗ ಒಳ್ಳೆಯ ಪರಿಹಾರ. ಕೊರಳಿಗೆ ಕಟ್ಟದೆ ಎದೆಯ ಹಾರ್ನೆಸ್‌ಗೆ ಕಟ್ಟಿ. ವೇಗವಾಗಿ ಓಡಿ ಹಗ್ಗದ ತುದಿ ಮುಟ್ಟಿದಾಗ ಕೊರಳಿಗೆ ಪೆಟ್ಟಾಗಬಾರದು. ಜನ ವಾಹನಗಳಿಲ್ಲದ ಕಡೆ ಅವಳಿಗೆ ಬೇಕಾದಷ್ಟು ಹೊತ್ತು ಬೇಕಾದದ್ದನ್ನು ಮೂಸಲು ಬಿಡಿ. ಮೂಸುತ್ತ ನಡೆದ ನಾಯಿ ಚೆಂಡಿನ ಹಿಂದೆ ಓಡಿದ ನಾಯಿಗಿಂತ ನೆಮ್ಮದಿಯಾಗಿ ಮಲಗುವುದನ್ನು ನೀವೇ ನೋಡುತ್ತೀರಿ. ಅದೇ ಹಗ್ಗದಲ್ಲಿ ‘ಬಾ’ ಎಂಬ ಕರೆಯನ್ನೂ ಗಟ್ಟಿಮಾಡಿಸಿ. ಕರೆದಾಗ ಬಂದರೆ ತಿನಿಸು ಕೊಟ್ಟು ಮತ್ತೆ ಬಿಟ್ಟುಬಿಡಿ. ಮನೆಗೆ ಹೊರಡುವಾಗ ಮಾತ್ರ ಕರೆಯುವ ಮಾಲೀಕರ ನಾಯಿಗಳು ಕರೆದಾಗ ಬರುವುದಿಲ್ಲ, ಬಂದರೆ ಸುಖ ಮುಗಿಯುತ್ತದೆ ಎಂದು ಅವಕ್ಕೆ ಗೊತ್ತು. ಆಟದ ನಡುವೆ ಕರೆದರೂ ತಿರುಗಿ ಬರುವ ಮಟ್ಟಿಗೆ ಇದು ಕೂಡಿಬಂದ ಮೇಲೆಯೇ ಬೇರೆ ನಾಯಿಗಳಿರುವ ಪಾರ್ಕಿನ ಯೋಚನೆ ಮಾಡಿ.

ಅಂದು ಹೋಗುವಾಗ ಚೆಂಡು, ತಿನಿಸು ಜೇಬಿನಿಂದ ಹೊರಗೆ ಬರದಿರಲಿ, ಇವೆರಡರ ಸುತ್ತ ಆಗುವಷ್ಟು ಜಗಳ ಬೇರೆ ಯಾವುದಕ್ಕೂ ಆಗುವುದಿಲ್ಲ. ಸಡಿಲವಾದ ಕೊರಳಪಟ್ಟಿ ಬೇಡ. ಕತ್ತು ಕಚ್ಚಾಡುವ ಆಟದಲ್ಲಿ ಒಂದರ ಕೆಳದವಡೆ ಇನ್ನೊಂದರ ಪಟ್ಟಿಗೆ ಸಿಕ್ಕಿಕೊಳ್ಳುವುದುಂಟು. ಗಾಬರಿಯಾಗಿ ಎರಡೂ ಹೊರಳಿದರೆ ಪಟ್ಟಿ ತಿರುಚಿ ಒಂದಕ್ಕೆ ಉಸಿರು ಕಟ್ಟುತ್ತದೆ, ಇನ್ನೊಂದಕ್ಕೆ ದವಡೆ ಮುರಿಯುತ್ತದೆ. ಒತ್ತಿದರೆ ತಟ್ಟನೆ ಬಿಚ್ಚಿಕೊಳ್ಳುವ ಕೊಕ್ಕೆಯ ಪಟ್ಟಿ ಇರಲಿ. ಇಪ್ಪತ್ತು ಮೂವತ್ತು ನಿಮಿಷ ಸಾಕು. ಸುಸ್ತಾದ ನಾಯಿಗಳು ಸುಸ್ತಾದ ಮಕ್ಕಳಂತೆಯೇ ಕಿರಿಕಿರಿಗೆ ತಿರುಗುತ್ತವೆ. ಒಂದೇ ಕಡೆ ಕೂರದೆ ನೀವೂ ಸುತ್ತಾಡುತ್ತಿರಿ, ನೀವು ನಡೆದರೆ ಅವಳೂ ಸರಿಯುತ್ತಿರುತ್ತಾಳೆ. ಬಿಸಿಲಿನ ಹೊತ್ತು ಬೇಡ. ನಾಯಿಯ ಸಹಜ ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಜೀವಕ್ಕೇ ಅಪಾಯ. ಆಟದ ಅಮಲಿನಲ್ಲಿರುವ ನಾಯಿ ತಾನಾಗಿ ನಿಲ್ಲುವುದಿಲ್ಲ, ನೀವೇ ನಿಲ್ಲಿಸಬೇಕು.

ಆರೋಗ್ಯದ ಬಗ್ಗೆ ಒಂದೇ ಮಾತನ್ನು ಒತ್ತಿ ಹೇಳುತ್ತೇನೆ: ಮಲವನ್ನು ಆಗಿಂದಾಗಲೇ ಎತ್ತಿ. ನಾಯಿಯ ಕರುಳಿನಲ್ಲಿರುವ ದುಂಡು ಹುಳುವಿನ ಮೊಟ್ಟೆಗಳು ಮಲದೊಡನೆ ಹೊರಬಿದ್ದ ಕೂಡಲೇ ಸೋಂಕು ತರುವುದಿಲ್ಲ, ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬಲಿಯಬೇಕು. ಬಲಿತ ಮೇಲೆ ವರ್ಷಗಟ್ಟಲೆ ಉಳಿಯುತ್ತವೆ, ಮಣ್ಣಿನಲ್ಲಿ ಆಡುವ ಮಕ್ಕಳ ಹೊಟ್ಟೆಯನ್ನೂ ಸೇರಬಲ್ಲವು. ಇಂದು ಎತ್ತಿದರೆ ಆ ಸರಪಳಿ ಇಂದೇ ಕಡಿಯುತ್ತದೆ. ನಿಂತ ನೀರು, ಎಲ್ಲರೂ ನೆಕ್ಕುವ ಬಟ್ಟಲು ಬಿಟ್ಟು ನಿಮ್ಮದೇ ನೀರು ಒಯ್ಯಿರಿ. ಇಲಿಗಳ ಮೂತ್ರ ಸೇರಿದ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಎಂಬ ಬ್ಯಾಕ್ಟೀರಿಯಾ ರೋಗ ಬರುತ್ತದೆ, ಅದರ ಲಸಿಕೆಯನ್ನು ವೈದ್ಯರ ಬಳಿ ಕೇಳಿ ಹಾಕಿಸಿ.

ಕೊನೆಗೆ ಜಗಳ. ಎರಡು ನಾಯಿಗಳು ಕಚ್ಚಾಡುತ್ತಿರುವಾಗ ಕೊರಳಪಟ್ಟಿಗೆ ಕೈ ಹಾಕಬೇಡಿ, ಪಾರ್ಕಿನಲ್ಲಿ ಮನುಷ್ಯರಿಗೆ ಕಡಿತವಾಗುವುದು ಹೆಚ್ಚಾಗಿ ಹೀಗೆ. ಮಕ್ಕಳನ್ನು ದೂರ ಕಳಿಸಿ. ಕಿರುಚಾಟ ನಾಯಿಗಳನ್ನು ಇನ್ನಷ್ಟು ಕೆರಳಿಸುತ್ತದೆ. ಒಂದು ಬಕೆಟ್ ನೀರನ್ನು ಮುಖಗಳ ಮೇಲೆ ಎರಚಿ, ಲೋಹದ ಬಟ್ಟಲನ್ನು ಜೋರಾಗಿ ಬಡಿಯಿರಿ, ಇಲ್ಲವೇ ಕುರ್ಚಿ, ಹಲಗೆ, ಚೀಲ ಏನಾದರೂ ನಡುವೆ ತೂರಿಸಿ. ಯಾವುದೂ ನಡೆಯದಿದ್ದರೆ ಇಬ್ಬರು ಮಾಲೀಕರೂ ಒಂದೇ ಸಲಕ್ಕೆ ತಮ್ಮ ತಮ್ಮ ನಾಯಿಯ ಹಿಂಗಾಲುಗಳನ್ನು ತೊಡೆಯ ಹತ್ತಿರ ಹಿಡಿದು ಎತ್ತಿ, ಅರ್ಧ ವೃತ್ತ ತಿರುಗುತ್ತ ಹಿಂದೆ ಎಳೆಯಬೇಕು; ನಿಂತರೆ ನಾಯಿ ತಿರುಗಿ ನಿಮ್ಮನ್ನೇ ಕಚ್ಚೀತು. ಒಂದು ನಾಯಿ ಕಚ್ಚಿ ಹಿಡಿದು ಬಿಡದೆ ಇದ್ದರೆ ಮಾತ್ರ ಎಳೆಯಬೇಡಿ, ಮಾಂಸ ಹರಿಯುತ್ತದೆ. ಅಲುಗದಂತೆ ಹಿಡಿದುಕೊಂಡು, ಹಿಡಿತ ಸಡಿಲಾಗುವ ಗಳಿಗೆಗೆ ಕಾದು ಬಿಡಿಸಿ. ಬಿಟ್ಟ ಕೂಡಲೇ ಎರಡಕ್ಕೂ ಹಗ್ಗ ಹಾಕಿ, ಒಂದನ್ನೊಂದು ನೋಡದಷ್ಟು ದೂರ ಒಯ್ಯಿರಿ.

ಮನೆಗೆ ಹೊರಡುವ ಮುನ್ನ ಇನ್ನೊಬ್ಬರ ಫೋನ್ ನಂಬರ್ ಮತ್ತು ಅವರ ನಾಯಿಯ ರೇಬೀಸ್ ಲಸಿಕೆಯ ವಿವರ ಕೇಳಿಕೊಳ್ಳಿ, ನಿಮ್ಮದನ್ನೂ ಕೊಡಿ. ಮನುಷ್ಯರಿಗೆ ಹಲ್ಲು ತಾಗಿದ್ದರೆ ಗೀರೇ ಆಗಿರಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರ ಬಳಿ ಹೋಗಬೇಕು. ನಾಯಿಯ ಮೈಯನ್ನು ಕೂದಲು ಬಿಡಿಸಿ ಬೆರಳಿನಿಂದ ತಡವಿ ನೋಡಿ. ಹೊರಗೆ ಕಾಣುವುದು ಎಳ್ಳಿನಷ್ಟು ತೂತಾದರೂ, ಕೋರೆಹಲ್ಲು ಒಳಗೆ ಇಳಿದು ತೊಗಲನ್ನು ಮಾಂಸದಿಂದ ಬೇರ್ಪಡಿಸಿರುತ್ತದೆ. ಎರಡು ಮೂರು ದಿನಗಳಲ್ಲಿ ಅಲ್ಲಿ ಕೀವು ತುಂಬುತ್ತದೆ. ಅದಕ್ಕೇ ತೂತು ಎಷ್ಟೇ ಸಣ್ಣದಿದ್ದರೂ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಕತ್ತು, ಎದೆ, ಹೊಟ್ಟೆಗೆ ಕಡಿತವಾಗಿದ್ದರೆ ಅಥವಾ ಕಚ್ಚಿಸಿಕೊಂಡದ್ದು ಚಿಕ್ಕ ಗಾತ್ರದ ನಾಯಿಯಾಗಿದ್ದರೆ ಮನೆಗೆ ಹೋಗಿ ನೋಡೋಣ ಎನ್ನದೆ ಪಾರ್ಕಿನಿಂದ ನೇರವಾಗಿ ಆಸ್ಪತ್ರೆಗೆ ನಡೆಯಿರಿ.